ನವೆಂಬರ್ 15ಕ್ಕೆ ಲಿಂಕಿನ್ ಪಾರ್ಕ್ ಹೊಸ ಆಲ್ಬಂ: ನಮ್ಮ ಕಡೆ ಯಾರ್ಯಾರು ಕಾಯುತ್ತಿದ್ದೀರಿ?

ಖೂಬಾ ಪ್ಲಾಟ್ ಕೇಳುಗ · ಅಕ್ಟೋಬರ್ 26, 2024

ಇನ್ನು 20 ದಿನ. ನವೆಂಬರ್ 15, ಶುಕ್ರವಾರ, ‘ಫ್ರಮ್ ಝೀರೋ’ ಬರುತ್ತದೆ. 2017ರ ಮೇ ತಿಂಗಳಾದ ಮೇಲೆ ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನಿಂದ ಪೂರ್ತಿ ಹೊಸ ಆಲ್ಬಂ ಇದೇ ಮೊದಲು. ಏಳು ವರ್ಷಕ್ಕೂ ಜಾಸ್ತಿ ಆಯಿತು. ಕಲಬುರಗಿ, ಬೀದರ್, ಯಾದಗಿರಿ ಕಡೆ ಇವರ ಹಾಡು ಕೇಳಿಕೊಂಡು ಬೆಳೆದವರು ನಾನೊಬ್ಬನೇ ಇರಲಿಕ್ಕಿಲ್ಲ, ಎಲ್ಲಿದ್ದೀರಿ ಬನ್ನಿ.

ನನ್ನದು ಮೊದಲು ಹೇಳುತ್ತೇನೆ. 2003ರಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ. ಆಗ ಊರಿನ ಹೆಸರು ಇನ್ನೂ ಗುಲ್ಬರ್ಗ. ಸೂಪರ್ ಮಾರ್ಕೆಟ್ ಕಡೆ ಒಂದು ಸಣ್ಣ ಅಂಗಡಿಯಲ್ಲಿ ಎಂಪಿತ್ರೀ ಸೀಡಿ ಸಿಗುತ್ತಿತ್ತು, ಒಂದೇ ಸೀಡಿಯಲ್ಲಿ ನೂರಕ್ಕೂ ಜಾಸ್ತಿ ಹಾಡು. ಅದರಲ್ಲಿ ‘ಮೀಟಿಯೋರಾ’ ಪೂರ್ತಿ ಇತ್ತು, ಆದರೆ ಹಾಡುಗಳೆಲ್ಲ ಎಬಿಸಿಡಿ ಪ್ರಕಾರ ಕೂತಿದ್ದವು. ಆ ಆಲ್ಬಂನ ಮೊದಲ ತುಣುಕು ಬರೀ 13 ಸೆಕೆಂಡ್. ಹಾಡಲ್ಲ, ಏನನ್ನೋ ಬಡಿದು ಒಡೆಯುವ ಸದ್ದು. ಆ ಕೊನೇ ಏಟು ಬೀಳುತ್ತಿದ್ದ ಹಾಗೇ ಎರಡನೇ ಹಾಡಿನ ಗಿಟಾರ್ ಶುರುವಾಗಬೇಕು. ನನ್ನ ಸೀಡಿಯಲ್ಲಿ ಆ 13 ಸೆಕೆಂಡ್ ಎಲ್ಲೋ ನಡುವೆ ಬಿದ್ದಿತ್ತು. ಸೀಡಿ ಗೀರು ಬಿದ್ದಿದೆ ಅಂತ ಅಂದುಕೊಂಡು ಎಷ್ಟು ಸಲ ಅಂಗಿಯಿಂದ ಒರೆಸಿದ್ದೇನೋ ಲೆಕ್ಕ ಇಲ್ಲ. ಎರಡು ವರ್ಷ ಆದಮೇಲೆ ಹೈದರಾಬಾದಿನಲ್ಲಿ ಅಸಲಿ ಸೀಡಿ ಕೊಂಡು, ಹಾಸ್ಟೆಲಿಗೆ ಬಂದು ಹಾಕಿ, ಆ ಸದ್ದು ಮೊದಲಿಗೇ ಬಂದು, ಅಲ್ಲಿಂದ ಹಾಡು ಎದ್ದಾಗ ನಾನು ಎದ್ದು ನಿಂತುಬಿಟ್ಟಿದ್ದೆ.

ಅವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಆಲ್ಬಂ ಅಂದರೆ ಮೊದಲಿಂದ ಕೊನೆವರೆಗೆ, ಅವರು ಜೋಡಿಸಿದ ಹಾಗೇ ಕೇಳಬೇಕು. ಆಮೇಲೆ ಮಾತು. ಮೊನ್ನೆ 24ಕ್ಕೆ ಮೂರನೇ ಹಾಡೂ ಬಿಟ್ಟಿದ್ದಾರೆ, ನಾನು ಕೇಳಿಲ್ಲ. ಮೊದಲನೆಯದನ್ನು ತಡೆಯಲಾಗದೆ ಕೇಳಿದೆ, ಉಳಿದದ್ದನ್ನು 15ಕ್ಕೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. 17ಕ್ಕೆ ಭಾನುವಾರ, 18ಕ್ಕೆ ಕನಕ ಜಯಂತಿ ರಜೆ. ನಮ್ಮ ಮನೆ ಮಾಳಿಗೆ ಮೇಲೆ ಜಾಗ ಇದೆ. ಒಟ್ಟಿಗೆ ಕೂತು ಕೇಳೋಣವಾ?

ತಗ್ಗಿದ ತಂತಿ · ಅಕ್ಟೋಬರ್ 26

ಅಣ್ಣಾ ನಾನು ಬರುತ್ತೇನೆ, ಸೇಡಂ ರೋಡ್ ಹತ್ತಿರವೇ ಇದ್ದೇನೆ. ಸ್ಪೀಕರ್ ನಂದು. ಮೂರೂ ಹಾಡು ಕೇಳಿಬಿಟ್ಟಿದ್ದೇನೆ, ಕ್ಷಮಿಸಿ, ನನ್ನಿಂದ ಆಗಲಿಲ್ಲ. ಏನೂ ಬಾಯಿ ಬಿಡುವುದಿಲ್ಲ. ಒಂದೇ ಮಾತು, ಗಿಟಾರ್ ವಾಪಸ್ ಬಂದಿದೆ.

ವಾಡಿ ಜಂಕ್ಷನ್ · ಅಕ್ಟೋಬರ್ 26

ನಾನು ಕಾಯುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ಬ್ಯಾಂಡ್ ಅಂದರೆ ನನಗೂ ಜೀವ. ಅದಕ್ಕೇ ಸಿಟ್ಟು.

2017ರ ಜುಲೈ 20ರ ರಾತ್ರಿ ನಾನು ಪಾಳಿಯಲ್ಲಿದ್ದೆ. ಫೋನಿನಲ್ಲಿ ಸುದ್ದಿ ನೋಡಿದೆ, ಬ್ಯಾಂಡಿನ ಹಾಡುಗಾರ ಚೆಸ್ಟರ್ ಬೆನ್ನಿಂಗ್ಟನ್ ಇಲ್ಲ ಅಂತ. 41 ವರ್ಷ. ಯಂತ್ರದ ಸದ್ದಿನ ನಡುವೆ ಯಾರಿಗೆ ಹೇಳಲಿ, ಅಲ್ಲಿದ್ದವರಿಗೆ ಅವನು ಯಾರು ಅಂತ ಗೊತ್ತಿಲ್ಲ. ಅಪ್ಪ ತೀರಿಕೊಂಡ ವರ್ಷ ನನ್ನ ಜೊತೆ ಇದ್ದದ್ದು ಆ ದನಿ ಒಂದೇ. ಆ ವರ್ಷ ನಾನು ಮನೆಯಲ್ಲಿ ಅಳಲಿಲ್ಲ, ದೊಡ್ಡ ಮಗ ಅಲ್ವಾ, ಅಳುವ ಹಾಗಿರಲಿಲ್ಲ. ರೈಲ್ವೆ ಗೇಟ್ ಆಚೆ ಒಬ್ಬನೇ ನಡೆಯುತ್ತಾ ಕಿವಿಗೆ ಅದನ್ನು ಹಾಕಿಕೊಂಡರೆ ನನ್ನ ಪರವಾಗಿ ಅವನು ಕೂಗುತ್ತಿದ್ದ.

ಅದೇ ವರ್ಷ ಅಕ್ಟೋಬರ್ 27ಕ್ಕೆ ಹಾಲಿವುಡ್ ಬೌಲ್‌ನಲ್ಲಿ ಅವನ ನೆನಪಿಗೆ ದೊಡ್ಡ ಕಾರ್ಯಕ್ರಮ ಮಾಡಿದರು. ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಿದೆ. ಒಂದು ಹಾಡಿಗೆ ಯಾರೂ ಹಾಡಲಿಲ್ಲ. ನಡುವೆ ಖಾಲಿ ಮೈಕು, ಅದಕ್ಕೆ ಹೂವು ಸುತ್ತಿ ಬೆಳಕು ಬಿಟ್ಟಿದ್ದರು. ಬ್ಯಾಂಡ್ ನುಡಿಸಿತು, ಜನ ಹಾಡಿದರು. ನನ್ನ ಮಟ್ಟಿಗೆ ಆ ಮೈಕನ್ನು ಹಾಗೇ ಖಾಲಿ ಬಿಡಬೇಕಿತ್ತು. ಹೊಸಬರನ್ನು ಕರೆದುಕೊಂಡು ಹಾಡಲಿ, ಬೇಡ ಅನ್ನುವುದಿಲ್ಲ. ಆದರೆ ಹೆಸರು ಬೇರೆ ಇಟ್ಟುಕೊಳ್ಳಬೇಕಿತ್ತು.

ಚೌಬಾರಾ · ಅಕ್ಟೋಬರ್ 27

ವಾಡಿ ಅಣ್ಣಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ಖಾಲಿ ಮೈಕು ನಾನೂ ನೋಡಿದ್ದೇನೆ. ನಮಗದು 28ರ ಬೆಳಗ್ಗೆ. ಆಗ ನಾನು ಪಿಯುಸಿ, ಬೀದರ್‌ನಲ್ಲಿ. ದಿನ ಯಾಕೆ ನೆನಪಿದೆ ಅಂದರೆ ಮರುದಿನ, 29ಕ್ಕೆ, ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆ. ಊರೆಲ್ಲ ಅದೇ ಮಾತು, ನಾನು ಒಬ್ಬಳೇ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದೆ. ಅಮ್ಮ ಪರೀಕ್ಷೆಯಲ್ಲಿ ಏನೋ ಆಗಿದೆ ಅಂದುಕೊಂಡರು.

ಆದರೆ ನನಗೆ ಹೊಸ ಹಾಡುಗಾರ್ತಿ ಎಮಿಲಿ ಆರ್ಮ್‌ಸ್ಟ್ರಾಂಗ್ ಬಂದದ್ದು ಬೇರೆ ರೀತಿ ಮುಟ್ಟಿದೆ, ಅದನ್ನು ಹೇಳಬೇಕು.

ನಾನು ಕಾಲೇಜಿನಲ್ಲಿ ಹಾಡುತ್ತಿದ್ದೆ. ಕೂಗಿ ಹಾಡುವುದು. ಹುಡುಗಿ ಮೆಲ್ಲಗೆ ಹಾಡಬೇಕು ಅಂತ ಎಷ್ಟು ಜನ ಹೇಳಿದರು. ‘ಇಂಥ ಹಾಡಿಗೆ ಗಂಡಸರ ದನಿಯೇ ಬೇಕು’ ಅಂತ ನಮ್ಮ ಬ್ಯಾಂಡಿನ ಹುಡುಗರೇ ಹೇಳಿದರು, ಕೊನೆಗೆ ನನ್ನನ್ನು ಕೋರಸ್‌ಗೆ ಹಾಕಿದರು. ಆಮೇಲೆ ನಾನು ಒಬ್ಬಳೇ ಅಭ್ಯಾಸ ಮಾಡಿದೆ. ಪಾಪನಾಶ ಕೆರೆ ಕಡೆ ಅಣ್ಣನ ಕಾರು ನಿಲ್ಲಿಸಿ, ಗಾಜು ಏರಿಸಿ, ಒಳಗೆ ಕೂತು. ಮೊದಮೊದಲು ಗಂಟಲಿನಿಂದ ಕೂಗಿ ಎರಡು ದಿನ ಮಾತೇ ಹೊರಡುತ್ತಿರಲಿಲ್ಲ. ನಿಧಾನಕ್ಕೆ ತಿಳಿಯಿತು, ಬಲ ಹೊಟ್ಟೆಯಿಂದ ಬರಬೇಕು, ಗಂಟಲು ಸಡಿಲ ಇರಬೇಕು, ಉಸಿರನ್ನು ಒಂದೇ ಸಲ ಬಿಡದೆ ಹಿಡಿದು ಹಿಡಿದು ಬಿಡಬೇಕು. ನೋವಾದರೆ ತಪ್ಪು ಮಾಡುತ್ತಿದ್ದೇವೆ ಅಂತಲೇ ಅರ್ಥ.

ಸೆಪ್ಟೆಂಬರ್ 6ರ ನಸುಕಿನಲ್ಲಿ ಅವರ ನೇರ ಪ್ರಸಾರ ಬಂತಲ್ಲ, ಮರುದಿನ ಗಣಪತಿ ಹಬ್ಬ, ಮನೆಯಲ್ಲಿ ಎಲ್ಲರೂ ಬೇಗ ಏಳುವವರಿದ್ದರು. ನಾನು ಅಡುಗೆ ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ನಿಂತು ನೋಡಿದೆ. ಆಕೆ ಮೈಕ್ ಹಿಡಿದು ಕೂಗಿದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅಣ್ಣಾ, ಆಕೆ ಚೆಸ್ಟರ್ ಆಗಲು ಹೊರಟಿಲ್ಲ. ಆ ದನಿಯಲ್ಲಿ ಮರಳಿದೆ, ಒರಟು ಇದೆ, ಅದು ಆಕೆಯದೇ.

ತಗ್ಗಿದ ತಂತಿ · ಅಕ್ಟೋಬರ್ 27

ಅಕ್ಕಾ, ನೀವು ಹೇಳಿದ ಉಸಿರಿನ ವಿಷಯ ನೂರಕ್ಕೆ ನೂರು ನಿಜ. 2007ರ ‘ಮಿನಿಟ್ಸ್ ಟು ಮಿಡ್‌ನೈಟ್’ನಲ್ಲಿ ಚೆಸ್ಟರ್ 17 ಸೆಕೆಂಡ್ ಒಂದೇ ಉಸಿರಿಗೆ ಕೂಗುವ ಹಾಡು ಇದೆಯಲ್ಲ, ಅದನ್ನು ಎಮಿಲಿ ಈಗ ವೇದಿಕೆಯಲ್ಲಿ ಹಾಡುತ್ತಿದ್ದಾರೆ. ಗಡಿಯಾರ ಹಿಡಿದು ನೀವೇ 17 ಸೆಕೆಂಡ್ ಬರೀ ‘ಆ’ ಅಂತ ಮೆಲ್ಲಗೆ ಹೇಳಿ ನೋಡಿ, ಗೊತ್ತಾಗುತ್ತದೆ.

ಗಿಟಾರ್ ಬಗ್ಗೆ ನನ್ನ ಪಾಲಿನ ಮಾತು. ಇವರ ಮೊದಲೆರಡು ಆಲ್ಬಂ ಯಾಕೆ ಅಷ್ಟು ಭಾರ ಕೇಳಿಸುತ್ತವೆ ಅಂದರೆ ತಂತಿಯನ್ನು ತಗ್ಗಿಸಿರುತ್ತಾರೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಇನ್ನೂ ಒಂದು ಸ್ವರ ಕೆಳಗೆ ಇಳಿಸಿದರೆ, ಒಂದೇ ಬೆರಳು ಅಡ್ಡ ಇಟ್ಟು ಮೂರು ತಂತಿ ಒತ್ತಿದರೆ ಸಾಕು, ಪವರ್ ಕಾರ್ಡ್, ಅಂದರೆ ರಾಕ್ ಹಾಡಿನ ಆ ಭಾರದ ಸ್ವರಜೋಡಿ, ಸಿಗುತ್ತದೆ. ಕಲಿಯುವವರಿಗೆ ಸುಲಭ. ಹಾಗಾಗಿಯೇ ನಮ್ಮಂಥ ಊರಿನಲ್ಲಿ ಗುರು ಇಲ್ಲದೆ ಕಲಿತವರು ಎಲ್ಲರೂ ಇವರಿಂದಲೇ ಶುರು ಮಾಡಿದ್ದು. ಬ್ರಾಡ್ ಡೆಲ್ಸನ್ ಉದ್ದ ಉದ್ದ ಸೋಲೋ ನುಡಿಸಿ ತೋರಿಸಿಕೊಳ್ಳುವವರಲ್ಲ. ಹಾಡಿಗೆ ಎಷ್ಟು ಬೇಕೋ ಅಷ್ಟೇ. ಆದರೆ ಬಲಗೈ ಲೆಕ್ಕ ತಪ್ಪಿದರೆ ಪೂರ್ತಿ ಹಾಡು ಬಿದ್ದುಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಅಂಗೈಯಿಂದ ತಂತಿಯ ಬಾಯಿ ಮುಚ್ಚಬೇಕು ಅನ್ನುವುದೇ ಅಲ್ಲಿ ವಿದ್ಯೆ.

ನನ್ನ ಮೊದಲ ಗಿಟಾರ್‌ಗೆ ತಂತಿ ಬೇಕು ಅಂದರೆ ಹೈದರಾಬಾದಿಗೆ ಹೋಗುವವರನ್ನು ಹುಡುಕಬೇಕಿತ್ತು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ತಂತಿ ಹಿಗ್ಗಿ ಶ್ರುತಿ ತಾನೇ ಇಳಿಯುತ್ತಿತ್ತು. ಒಂದು ಹಾಡು ಮುಗಿಯುವಷ್ಟರಲ್ಲಿ ಮತ್ತೆ ಕಿವಿ ಹಿಂಡಬೇಕು. ಇಲ್ಲಿ ನಾನು ಇಟ್ಟುಕೊಂಡ ಹೆಸರು ಅಲ್ಲಿಂದಲೇ ಬಂದಿದ್ದು.

ಬ್ರಾಡ್ ಈ ಸಲ ಪ್ರವಾಸಕ್ಕೆ ಹೋಗುತ್ತಿಲ್ಲ, ಆಲ್ಬಂನಲ್ಲಿ ಇದ್ದಾರೆ. ವೇದಿಕೆ ಮೇಲೆ ಅಲೆಕ್ಸ್ ಫೆಡರ್ ನುಡಿಸುತ್ತಾರೆ. ಡ್ರಮ್ಸ್‌ಗೆ ರಾಬ್ ಬೋರ್ಡನ್ ಬದಲು ಕಾಲಿನ್ ಬ್ರಿಟನ್. ಮೈಕ್ ಶಿನೋಡಾ, ಜೋ ಹಾನ್, ಫೀನಿಕ್ಸ್ ಹಳಬರೇ.

ಹೊಸ ಕಿವಿ · ಅಕ್ಟೋಬರ್ 28

ಎಲ್ಲರಿಗೂ ನಮಸ್ಕಾರ. ನಾನು ಶಹಾಪುರದವನು, ಕಲಬುರಗಿಯಲ್ಲಿ ಓದುತ್ತಿದ್ದೇನೆ, 19 ವರ್ಷ. ನಿಮ್ಮಷ್ಟು ಹಳೆಯ ಅಭಿಮಾನಿ ಅಲ್ಲ. ಲೀಗ್ ಆಫ್ ಲೆಜೆಂಡ್ಸ್ ಗೇಮಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಇವರ ಎರಡನೇ ಹೊಸ ಹಾಡು ಹಾಕಿದ್ದರು, ಹಾಸ್ಟೆಲಿನಲ್ಲಿ ಅದನ್ನು ಕೇಳಿ ಹುಚ್ಚು ಹಿಡಿಯಿತು. ಹಳೆಯದು ಎಲ್ಲಿಂದ ಶುರು ಮಾಡಲಿ? ಎಲ್ಲರೂ ಬರೀ ಎರಡು ಮೂರು ಹಾಡು ಹೇಳುತ್ತಾರೆ. ನನಗೆ 15ರೊಳಗೆ ಎಲ್ಲ ಕೇಳಿ ಮುಗಿಸಬೇಕು ಅಂತ ಆಸೆ. ಮತ್ತೆ, 17ಕ್ಕೆ ನಾನೂ ಬರಬಹುದಾ?

ಖೂಬಾ ಪ್ಲಾಟ್ ಕೇಳುಗ · ಅಕ್ಟೋಬರ್ 28

ಬಾ ತಮ್ಮಾ, ಕೇಳಬೇಕಾ ಅದಕ್ಕೆ! 18 ದಿನ ಇದೆ, ಏಳು ಆಲ್ಬಂ. ಆರಾಮಾಗಿ ಆಗುತ್ತದೆ.

2000ದ ಅಕ್ಟೋಬರ್ 24ಕ್ಕೆ ಬಂದ ‘ಹೈಬ್ರಿಡ್ ಥಿಯರಿ’ಯಿಂದ ಶುರು ಮಾಡು. 12 ಹಾಡು, 38 ನಿಮಿಷಕ್ಕೂ ಕಡಿಮೆ. ಹಾಸ್ಟೆಲಿನಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ, ಒಂದು ಸೆಕೆಂಡೂ ದಂಡ ಇಲ್ಲ. ಆಮೇಲೆ 2003ರ ‘ಮೀಟಿಯೋರಾ’, ಮೊದಲ 13 ಸೆಕೆಂಡ್ ಹಾರಿಸಬೇಡ. ಹಾರಿಸಿದರೆ ನನಗೆ ಬೇಜಾರಾಗುತ್ತದೆ. ಆಮೇಲೆ ‘ಮಿನಿಟ್ಸ್ ಟು ಮಿಡ್‌ನೈಟ್’. 2010ರ ‘ಎ ಥೌಸಂಡ್ ಸನ್ಸ್’ ರಾತ್ರಿ ದೀಪ ಆರಿಸಿ, ಒಂದೇ ಬೈಠಕ್‌ನಲ್ಲಿ ಕೇಳು, ಅದನ್ನು ತುಂಡು ಮಾಡಿದರೆ ಏನೂ ಸಿಗುವುದಿಲ್ಲ. ‘ಲಿವಿಂಗ್ ಥಿಂಗ್ಸ್’ 2012, ‘ದಿ ಹಂಟಿಂಗ್ ಪಾರ್ಟಿ’ 2014. ಕೊನೆಯದು 2017ರ ‘ಒನ್ ಮೋರ್ ಲೈಟ್’. ಅದು ಬಂದಾಗ ತುಂಬಾ ಜನ ಬೈದರು, ಇದು ರಾಕೇ ಅಲ್ಲ ಅಂದರು. ನಾನೂ ಬೈದೆ. ಎರಡು ತಿಂಗಳಾದ ಮೇಲೆ ಅದೇ ಆಲ್ಬಂ ಹಾಕಿದರೆ ಒಂದೊಂದು ಸಾಲೂ ಬೇರೆ ಕೇಳಿಸಿತು. ಅವತ್ತು ಸರಿಯಾಗಿ ಕೇಳದೆ ಬೈದದ್ದು ನನ್ನೊಳಗೆ ಇವತ್ತಿಗೂ ಚುಚ್ಚುತ್ತದೆ. ಈ ಸಲ ಪೂರ್ತಿ ಕೇಳುವ ತನಕ ಒಂದು ಮಾತೂ ಆಡಬಾರದು ಅಂತ ಹಠ ಹಿಡಿದಿರುವುದು ಅದಕ್ಕೇ.

ಭೀಮೆಯ ದಂಡೆ · ಅಕ್ಟೋಬರ್ 29

ನಾನು ಯಾದಗಿರಿ. ವಯಸ್ಸು 52, ಇಲ್ಲಿ ಎಲ್ಲರಿಗಿಂತ ಹಿರಿಯ ಅಂತ ಕಾಣುತ್ತದೆ. ಮಗಳ ಜೊತೆ ಕೇಳಿ ಕೇಳಿ ನನಗೂ ಅಂಟಿತು. ‘ಎ ಥೌಸಂಡ್ ಸನ್ಸ್’ ಹೆಸರು ಎಲ್ಲಿಂದ ಬಂತು ಗೊತ್ತಾ ತಮ್ಮಾ? ಗೀತೆಯ 11ನೇ ಅಧ್ಯಾಯ, 12ನೇ ಶ್ಲೋಕ, ‘ದಿವಿ ಸೂರ್ಯಸಹಸ್ರಸ್ಯ’. ಆಕಾಶದಲ್ಲಿ ಸಾವಿರ ಸೂರ್ಯರು ಒಟ್ಟಿಗೆ ಎದ್ದ ಹಾಗೆ ಅಂತ. ಅಣುಬಾಂಬ್ ಮಾಡಿದ ಓಪನ್‌ಹೈಮರ್ ಇದನ್ನು ನೆನೆದುಕೊಂಡರಂತೆ, ಅಲ್ಲಿಂದ ಈ ಮಾತು ಲೋಕಕ್ಕೆಲ್ಲ ಗೊತ್ತಾಯಿತು. ಓಪನ್‌ಹೈಮರ್ ದನಿಯೂ ಆ ಆಲ್ಬಂನಲ್ಲಿದೆ. ನಮ್ಮ ಅವ್ವ ದಿನಾ ಓದುತ್ತಿದ್ದ ಶ್ಲೋಕ ಕ್ಯಾಲಿಫೋರ್ನಿಯಾದ ಹುಡುಗರ ಆಲ್ಬಂ ಹೆಸರಾದದ್ದು ಕಂಡು ನನಗೆ ಬಹಳ ಹಿಗ್ಗಾಗಿತ್ತು.

ವಾಡಿಯವರೇ, ನಿಮಗೆ ಒಂದು ಮಾತು ಹೇಳಬೇಕು ಅಂತಲೇ ಬರೆಯಲು ಕೂತೆ.

ನಮ್ಮೂರಿನಲ್ಲಿ ಅಮಾವಾಸ್ಯೆ ಅಮಾವಾಸ್ಯೆಗೆ ಭಜನೆ. ಕಡಕೋಳ ಮಡಿವಾಳಪ್ಪನವರ ಪದ, ರಾತ್ರಿಯಿಡೀ. ಮುಂದೆ ನಿಂತು ಹಾಡುವವರು ಒಬ್ಬರು, ಹಿಂದೆ ಎತ್ತಿಕೊಳ್ಳುವವರು ಆರೇಳು ಜನ. ನಾನು ಹುಡುಗನಾಗಿದ್ದಾಗ ಮುಂದೆ ಹಾಡುತ್ತಿದ್ದ ಕಾಕಾನ ದನಿ ಹೇಗಿತ್ತು ಅಂದರೆ, ಆಚೆ ದಂಡೆಯವರು ಎದ್ದು ಕೂರುತ್ತಿದ್ದರು. ಅವರು ಹೋದ ಮೇಲೆ ಎರಡು ಅಮಾವಾಸ್ಯೆ ಭಜನೆ ಆಗಲಿಲ್ಲ. ಎಲ್ಲರೂ ಬಂದು ಗುಡಿ ಕಟ್ಟೆ ಮೇಲೆ ಕೂರುವುದು, ಏಕತಾರಿ ಗೋಡೆಗೆ ಒರಗಿರುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ, ಎದ್ದು ಹೋಗುವುದು. ಮೂರನೇ ಅಮಾವಾಸ್ಯೆಗೆ ಹಿಂದೆ ದಮ್ಮಡಿ ಬಾರಿಸುತ್ತಿದ್ದವರು ಚಳಿಗೆ ಸಡಿಲಾಗಿದ್ದ ದಮ್ಮಡಿಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡರು. ಎರಡು ಪೆಟ್ಟು ಹಾಕಿ ನೋಡಿದರು. ಆಮೇಲೆ ಕಾಕಾನ ತಂಗಿಯ ಮಗಳು ಎದ್ದು ಪದ ಎತ್ತಿದಳು. ಅವಳ ದನಿ ಸಣ್ಣದು, ಏರು ಬೇರೆ. ಆದರೆ ಹಿಂದೆ ಎತ್ತಿಕೊಳ್ಳುವವರು ಅವರೇ ಇದ್ದರಲ್ಲ, ಎರಡನೇ ಸಾಲಿಗೆ ಎಲ್ಲರೂ ಸೇರಿಕೊಂಡರು. ಮೇಳದ ಹೆಸರು ಬದಲಿಸಬೇಕು ಅಂತ ಯಾರಿಗೂ ಹೊಳೆಯಲೂ ಇಲ್ಲ. ಕೆಲವರು ಮಾತ್ರ ಆ ರಾತ್ರಿ ಎದ್ದು ಹೋದರು, ಅವರಿಗೆ ಅಷ್ಟು ನೋವಿತ್ತು. ಅವರನ್ನೂ ಯಾರೂ ತಪ್ಪು ಅನ್ನಲಿಲ್ಲ.

ವಾಡಿ ಜಂಕ್ಷನ್ · ಅಕ್ಟೋಬರ್ 30

ಕಾಕಾ, ನಿಮ್ಮ ಮಾತು ಎರಡು ಸಲ ಓದಿದೆ.

ಆದರೂ ಒಂದು ವ್ಯತ್ಯಾಸ ಇದೆ. ಪದ ಮಡಿವಾಳಪ್ಪನವರದು, ಯಾರು ಹಾಡಿದರೂ ಅವರದೇ. ಇಲ್ಲಿ ಹಾಡು ಚೆಸ್ಟರ್‌ನದೇ ನೋವು. ಬೇರೆಯವರ ಬಾಯಲ್ಲಿ ಅದು ಹೇಗೆ ನಿಜ ಆಗುತ್ತದೆ?

ಖೂಬಾ ಪ್ಲಾಟ್ ಕೇಳುಗ · ಅಕ್ಟೋಬರ್ 30

ಒಳ್ಳೆ ಪ್ರಶ್ನೆ, ನನ್ನನ್ನೂ ಇದು ಬಹಳ ದಿನ ಕಾಡಿದೆ. ಹಳೆ ಹಾಡಿನ ಮಟ್ಟಿಗೆ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಹೊಸ ಆಲ್ಬಂ ಚೆಸ್ಟರ್‌ನದಲ್ಲ ಅಲ್ವಾ? ಆ ಹಾಡುಗಳು ಇವರು ಕೂತು ಬರೆದದ್ದು, ಇವರದೇ ಮಾತು.

ಮತ್ತೆ ಹೆಸರಿನ ವಿಷಯ. 1996ರಲ್ಲಿ ಮೈಕ್, ಬ್ರಾಡ್, ರಾಬ್ ಶುರು ಮಾಡಿದಾಗ ಬ್ಯಾಂಡಿನ ಹೆಸರು ಝೀರೋ, ಬರೆಯುತ್ತಿದ್ದದ್ದು ಎಕ್ಸ್ ಅಕ್ಷರದಿಂದ. ಆಗ ಹಾಡುತ್ತಿದ್ದವರು ಮಾರ್ಕ್ ವೇಕ್‌ಫೀಲ್ಡ್. ಅವರು ಬಿಟ್ಟ ಮೇಲೆ 1999ರಲ್ಲಿ ಅರಿಝೋನಾದಿಂದ ಚೆಸ್ಟರ್ ಬಂದ. ತನ್ನ 23ನೇ ಹುಟ್ಟುಹಬ್ಬದ ದಿನ, ಮನೆಯಲ್ಲಿ ನೆಂಟರಿಷ್ಟರು ಸೇರಿದ್ದರೂ ಅವರನ್ನು ಬಿಟ್ಟು, ಇವರು ಕಳಿಸಿದ ಟೇಪಿನ ಮೇಲೆ ತನ್ನ ದನಿ ರೆಕಾರ್ಡ್ ಮಾಡಿ ಕೇಳಿಸಿದ. ಆಮೇಲೆ ಸ್ವಲ್ಪ ದಿನ ಹೈಬ್ರಿಡ್ ಥಿಯರಿ ಅಂತ ಹೆಸರು, ಕೊನೆಗೆ ಲಿಂಕಿನ್ ಪಾರ್ಕ್. ಅಂದರೆ ಚೆಸ್ಟರ್ ಕೂಡ ಒಂದು ದಿನ ಇನ್ನೊಬ್ಬರ ಜಾಗಕ್ಕೆ ಬಂದ ಹೊಸಬನೇ. ಈಗ ಆಲ್ಬಂಗೆ ‘ಫ್ರಮ್ ಝೀರೋ’ ಅಂತ ಇಟ್ಟಿದ್ದಾರೆ. ಸೊನ್ನೆಯಿಂದ ಅಂತಲೂ ಆಯಿತು, ಆ ಮೊದಲ ಹೆಸರಿನಿಂದ ಅಂತಲೂ ಆಯಿತು. ಆಗಸ್ಟ್‌ನಲ್ಲಿ 100 ಗಂಟೆಯ ಕೌಂಟ್‌ಡೌನ್ ಹಾಕಿದ್ದರಲ್ಲ, ಸೊನ್ನೆಗೆ ಬಂದ ಮೇಲೆ ನಿಲ್ಲಲಿಲ್ಲ, ಮುಂದಕ್ಕೆ ಎಣಿಸತೊಡಗಿತು. ನಾವೆಲ್ಲ ಏನೋ ಕೆಟ್ಟಿದೆ ಅಂದುಕೊಂಡೆವು. ಈಗ ಅದರ ಅರ್ಥ ಹೊಳೆಯುತ್ತಿದೆ.

ನಿಮ್ಮನ್ನು ಒಪ್ಪಿಸಬೇಕು ಅಂತ ಬರೆಯುತ್ತಿಲ್ಲ ಅಣ್ಣಾ. ಬಂದು ಕೂತು ಕೇಳಿ ಅಷ್ಟೇ. ಹಿಡಿಸದಿದ್ದರೆ ನಡುವೆ ಎದ್ದು ಮಾಳಿಗೆ ಅಂಚಿಗೆ ಹೋಗಿ ನಿಲ್ಲಿ, ಯಾರೂ ಏನೂ ಕೇಳುವುದಿಲ್ಲ.

ಚೌಬಾರಾ · ನವೆಂಬರ್ 4

ದೀಪಾವಳಿ ಗದ್ದಲದಲ್ಲಿ ಇತ್ತ ಬರಲು ಆಗಲಿಲ್ಲ. ಎಲ್ಲರಿಗೂ ಹಬ್ಬದ ಶುಭಾಶಯ.

ಒಂದು ತೊಂದರೆ ಇದೆ. 15ಕ್ಕೆ ಗುರುನಾನಕ್ ಜಯಂತಿ. ನಾನಕ್ ಝೀರಾಕ್ಕೆ ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ, ನಮ್ಮ ಮನೆಗೂ ನಾಂದೇಡ್ ಕಡೆಯಿಂದ ಅಪ್ಪನ ಸ್ನೇಹಿತರು ಬರುವವರಿದ್ದಾರೆ. ಹಾಗಾಗಿ 15, 16 ನಾನು ಬೀದರ್ ಬಿಡುವ ಹಾಗಿಲ್ಲ. 17ಕ್ಕೆ ರೈಲಿಗೆ ಬಂದುಬಿಡುತ್ತೇನೆ, ಜೊತೆಗೆ ತಂಗಿಯೂ ಬರುತ್ತಾಳೆ. ಅಲ್ಲಿವರೆಗೆ ಕೇಳದೆ ಇರಬೇಕಾ? ಅಷ್ಟು ಶಕ್ತಿ ನನಗಿಲ್ಲ ಅಣ್ಣಾ.

ಖೂಬಾ ಪ್ಲಾಟ್ ಕೇಳುಗ · ನವೆಂಬರ್ 4

ಇಲ್ಲ ತಂಗಿ, ಅಂಥ ಶಿಕ್ಷೆ ಯಾರಿಗೂ ಬೇಡ. ಅವರವರ ಮನೆಯಲ್ಲಿ ಕೇಳಿ. ಒಂದೇ ಕೋರಿಕೆ, ಮೊದಲ ಸಲ ಒಂದೇ ಉಸಿರಿಗೆ, 11 ತುಣುಕೂ. ನನಗೂ 15ಕ್ಕೆ ಗೌರಿ ಹುಣ್ಣಿಮೆ, ಸಂಜೆ ಮಗಳನ್ನು ಸಕ್ಕರೆ ಆರತಿಗೆ ಕರೆದುಕೊಂಡು ಹೋಗಬೇಕು. ಹೋದ ವರ್ಷ ಸಕ್ಕರೆಯ ಆನೆ ಸೊಂಡಿಲು ದಾರಿಯಲ್ಲೇ ಮುರಿದು ಅತ್ತಿದ್ದಳು, ಈ ಸಲ ಬುಟ್ಟಿ ನಾನೇ ಹಿಡಿಯುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಹಾಗಾಗಿ ಹಿಂದಿನ ರಾತ್ರಿಯೇ ಎದ್ದು ಕೂತು ಕೇಳುವುದು.

ಹೊಸ ಕಿವಿ · ನವೆಂಬರ್ 5

ಅಣ್ಣಾ ಸರಿಯಾಗಿ ಎಷ್ಟು ಗಂಟೆಗೆ ಬರುತ್ತದೆ? 15 ಅಂದರೆ ಅಮೆರಿಕದ 15ಾ ನಮ್ಮ 15ಾ?

ತಗ್ಗಿದ ತಂತಿ · ನವೆಂಬರ್ 5

ಸಾಮಾನ್ಯವಾಗಿ ಆಯಾ ದೇಶದ ಶುಕ್ರವಾರ ಶುರುವಾಗುವ ನಡುರಾತ್ರಿಗೆ ಬರುತ್ತದೆ. ಅಂದರೆ ನಮಗೆ 14ರ ರಾತ್ರಿ 12. ಮೊದಲು ಹೀಗಿರಲಿಲ್ಲ, ಅಮೆರಿಕದಲ್ಲಿ ಮಂಗಳವಾರ, ಬೇರೆ ಕಡೆ ಬೇರೆ ವಾರ. 2015ರ ಜುಲೈನಿಂದ ಎಲ್ಲ ಕಡೆ ಶುಕ್ರವಾರ ಮಾಡಿದರು. ‘ಹೈಬ್ರಿಡ್ ಥಿಯರಿ’, ‘ಮೀಟಿಯೋರಾ’ ಎರಡೂ ಅಲ್ಲಿ ಮಂಗಳವಾರ ಬಂದವು. ನಮ್ಮ ಊರಿಗೆ ಬಂದು ತಲುಪಲು ತಿಂಗಳುಗಟ್ಟಲೆ ಆಯಿತು, ಅದೂ ಯಾರೋ ಬೆಂಗಳೂರಿನಿಂದ ತಂದರೆ. ಈಗ ನ್ಯೂಯಾರ್ಕಿನವನಿಗಿಂತ ಹತ್ತೂವರೆ ತಾಸು ಮೊದಲು ಶಹಾಪುರದ ಹುಡುಗ ಕೇಳುತ್ತಾನೆ. ಇದನ್ನು ನೆನೆಸಿಕೊಂಡರೇ ನನಗೆ ಖುಷಿ.

ಕೇಳುವುದು ಎಲ್ಲಿ ತನಕ ಬಂತು?

ಹೊಸ ಕಿವಿ · ನವೆಂಬರ್ 5

‘ಎ ಥೌಸಂಡ್ ಸನ್ಸ್’ ಮುಗಿಸಿದೆ. ದೀಪ ಆರಿಸಿಯೇ ಕೇಳಿದೆ. ಆದರೆ ಒಂದು ಮಾತು ಕೇಳಬೇಕು ಅನಿಸುತ್ತದೆ. ಇಷ್ಟೊಂದು ಹಾಡಿನಲ್ಲಿ ಚೆಸ್ಟರ್ ನನಗೆ ಕಷ್ಟ ಆಗುತ್ತಿದೆ ಅಂತ ಹೇಳುತ್ತಲೇ ಇದ್ದಾರಲ್ಲ. ಯಾರಿಗೂ ಕೇಳಿಸಲಿಲ್ಲವಾ? ನಮ್ಮ ಹಾಸ್ಟೆಲಿನಲ್ಲೂ ಒಬ್ಬ ಇದ್ದಾನೆ, ಇವೇ ಹಾಡು ಹಾಕಿಕೊಂಡು ಬಾಗಿಲು ಹಾಕಿ ಮಲಗಿರುತ್ತಾನೆ, ಊಟಕ್ಕೂ ಬರುವುದಿಲ್ಲ. ನನಗೆ ಭಯ ಆಗುತ್ತದೆ.

ಭೀಮೆಯ ದಂಡೆ · ನವೆಂಬರ್ 5

ತಮ್ಮಾ, ನೀನು ಇದನ್ನು ಗಮನಿಸಿದ್ದು ದೊಡ್ಡ ವಿಷಯ. ಇವತ್ತೇ ಹೋಗಿ ಬಾಗಿಲು ಬಡಿ. ಉಪದೇಶ ಬೇಡ, ‘ಬಾ ಚಹಾ ಕುಡಿದು ಬರೋಣ’ ಅನ್ನು ಸಾಕು. ‘ಹೇಗಿದ್ದೀಯಾ’ ಅಂತ ನೇರವಾಗಿ ಕೇಳು, ಅವನು ಹೇಳುವುದನ್ನು ನಡುವೆ ತಡೆಯದೆ ಕೇಳಿಸಿಕೋ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಅವನೇ ಮಾಡಬೇಕು ಅಂತಿಲ್ಲ, ಏನು ಮಾಡಲಿ ಅಂತ ನೀನೂ ಕೇಳಬಹುದು. ಮನೆಯವರ ನಂಬರ್ ಇದ್ದರೆ ಅವರಿಗೂ ತಿಳಿಸು.

ವಾಡಿ ಜಂಕ್ಷನ್ · ನವೆಂಬರ್ 6

ಹುಡುಗನ ಮಾತು ಓದಿ ರಾತ್ರಿಯೆಲ್ಲ ತಲೆಯಲ್ಲಿ ಅದೇ. ತಮ್ಮಾ, ಹೋದೆಯಾ? ಏನಾಯಿತು?

ಹೊಸ ಕಿವಿ · ನವೆಂಬರ್ 6

ಹೋದೆ ಅಣ್ಣಾ. ಮೊದಲು ಬಾಗಿಲು ತೆಗೆಯಲಿಲ್ಲ. ಹೊರಗೆ ಕೂತು ಫೋನಿನಲ್ಲಿ ‘ಮೀಟಿಯೋರಾ’ ಹಾಕಿದೆ, ಆ 13 ಸೆಕೆಂಡಿನಿಂದ. ಮೂರನೇ ಹಾಡಿಗೆ ತೆಗೆದ. ಜಗತ್ ಸರ್ಕಲ್ ತನಕ ನಡೆದೆವು, ಮಿರ್ಚಿ ಭಜಿ ತಿಂದೆವು. ಜಾಸ್ತಿ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ಅವರ ಅಕ್ಕನಿಗೆ ಫೋನ್ ಮಾಡಿದೆ, ನಾಳೆ ಬರುತ್ತೇನೆ ಅಂದಿದ್ದಾರೆ. 17ಕ್ಕೆ ಅವನನ್ನೂ ಕರೆದುಕೊಂಡು ಬರಲಾ?

ಖೂಬಾ ಪ್ಲಾಟ್ ಕೇಳುಗ · ನವೆಂಬರ್ 6

ಖಂಡಿತ ಕರೆದುಕೊಂಡು ಬಾ. ಅವನಿಗೆ ಹೇಳು, ಅವನಿಗೋಸ್ಕರ ಜಾಗ ಹಿಡಿದಿದ್ದೇವೆ ಅಂತ.

ತಗ್ಗಿದ ತಂತಿ · ನವೆಂಬರ್ 12

ಇನ್ನು ಮೂರು ದಿನ! ನಿನ್ನೆ ಅವರು ಬೊಗೊಟಾದಲ್ಲಿದ್ದರು. ಸೆಪ್ಟೆಂಬರ್‌ನಿಂದ ಲಾಸ್ ಏಂಜಲಿಸ್, ಹ್ಯಾಂಬರ್ಗ್, ಲಂಡನ್, ಸಿಯೋಲ್ ಎಲ್ಲ ಆಯಿತು. ಭಾರತಕ್ಕೆ ಈ 2024ರ ನವೆಂಬರ್ ತನಕ ಒಂದು ಸಲವೂ ಬಂದಿಲ್ಲ. 2011ರಲ್ಲಿ ಬೆಂಗಳೂರಿಗೆ ಮೆಟಾಲಿಕಾ ಬಂದಾಗ ನಾನು ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿಯಲ್ಲಿ ನಿಂತು ಹೋಗಿದ್ದೆ. ಇವರು ಬಂದರೆ ನಡೆದಾದರೂ ಹೋಗುತ್ತೇನೆ.

ಸ್ಪೀಕರ್ ಇವತ್ತು ಪರೀಕ್ಷೆ ಮಾಡಿದೆ. ಮಾಳಿಗೆ ಮೇಲೆ ತೆರೆದ ಜಾಗ, ಬಾಸ್ ಹಾರಿಹೋಗುತ್ತದೆ. ನೀರಿನ ಟ್ಯಾಂಕ್ ಗೋಡೆಗೆ ಒರಗಿಸಿ ಇಡಬೇಕು, ಎರಡು ಗೋಡೆ ಕೂಡುವ ಮೂಲೆ ಇದ್ದರೆ ಇನ್ನೂ ಒಳ್ಳೆಯದು. ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಡಿ ಅಣ್ಣಾ. ಕರೆಂಟ್ ಹೋದರೆ ಅಂತ ಇನ್ವರ್ಟರ್ ತಂತಿ ಮೇಲಕ್ಕೆ ಎಳೆಯಬೇಕು, ನಾನು ಶನಿವಾರ ಬಂದು ನೋಡುತ್ತೇನೆ.

ಖೂಬಾ ಪ್ಲಾಟ್ ಕೇಳುಗ · ನವೆಂಬರ್ 12

ಪಕ್ಕದ ಮನೆ ಅಜ್ಜಿಗೆ ಹೇಳಿದೆ. ಏನು ಹಾಡು ಅಂದರು. ಇಂಗ್ಲಿಷ್ ಭಜನೆ ಅಂದೆ. ಭೀಮೆಯ ಕಾಕಾನ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು, ಬೇರೆ ಪದ ಬಾಯಿಗೆ ಬರಲಿಲ್ಲ. ಸಂಜೆ ಐದರೊಳಗೆ ಮುಗಿಸಿದರೆ ಆಯಿತು ಅಂದರು.

ವಾಡಿ ಜಂಕ್ಷನ್ · ನವೆಂಬರ್ 14, ರಾತ್ರಿ 10:50

ಮನೆಯಲ್ಲೇ ಇದ್ದೇನೆ, ಪಾಳಿ ಬದಲಿಸಿಕೊಂಡೆ. ಹಳೆ ಟ್ರಂಕ್ ತೆಗೆದು ‘ಹೈಬ್ರಿಡ್ ಥಿಯರಿ’ ಅಸಲಿ ಸೀಡಿ ಹುಡುಕಿದೆ. ಸಿಕ್ಕಿತು. ಪೆಟ್ಟಿಗೆ ಒಡೆದಿದೆ, ಸೀಡಿಗೆ ಏನೂ ಆಗಿಲ್ಲ. ಒಳಗಿನ ಪುಸ್ತಕದಲ್ಲಿ ನಾನು ಪೆನ್ಸಿಲ್ಲಿನಿಂದ ಸಾಲುಗಳ ಅರ್ಥ ಕನ್ನಡದಲ್ಲಿ ಬರೆದುಕೊಂಡಿದ್ದೇನೆ, ಅರ್ಧ ತಪ್ಪು, ಆದರೂ ಒಂದೊಂದು ಸಾಲಿಗೂ ಬರೆದಿದ್ದೇನೆ. ಅಪ್ಪ ಹೋದ ವರ್ಷದ ಬರವಣಿಗೆ.

ಇವತ್ತು ನಡುರಾತ್ರಿ ಹೊಸದನ್ನು ಕೇಳುವುದಿಲ್ಲ. ಒಬ್ಬನೇ ಕೇಳಲು ಮನಸ್ಸಾಗುತ್ತಿಲ್ಲ. ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಮೊದಲು ಈ ಸೀಡಿ ಹಾಕಬೇಕು, ಪೂರ್ತಿ. ಆಮೇಲೆ ನಿಮ್ಮ ಹೊಸದು ಹಾಕಿ, ಕೂತಿರುತ್ತೇನೆ.

ಖೂಬಾ ಪ್ಲಾಟ್ ಕೇಳುಗ · ನವೆಂಬರ್ 14, ರಾತ್ರಿ 11:05

ಹಾಗೇ ಮಾಡೋಣ. ಆ ಪುಸ್ತಕವನ್ನೂ ತನ್ನಿ. ನಮ್ಮ ಮನೆ ಸೀಡಿ ಪ್ಲೇಯರ್ ತಿರುಗುವುದಿಲ್ಲ, ಯಾರ ಹತ್ತಿರ ಇದೆ?

ತಗ್ಗಿದ ತಂತಿ · ನವೆಂಬರ್ 14, ರಾತ್ರಿ 11:12

ಚಿಕ್ಕಪ್ಪನ ಮನೆಯಲ್ಲಿದೆ, ದೂಳು ಒರೆಸಿ ತರುತ್ತೇನೆ.

ಚೌಬಾರಾ · ನವೆಂಬರ್ 14, ರಾತ್ರಿ 11:30

ವಾಡಿ ಅಣ್ಣಾ, ನೀವು ಬರುತ್ತೀರಿ ಅಂತ ಓದಿ ತಂಗಿಯನ್ನು ಎಬ್ಬಿಸಿ ಹೇಳಿದೆ. ಇಬ್ಬರೂ ಎದ್ದು ಕೂತಿದ್ದೇವೆ, ಒಂದೇ ಇಯರ್‌ಫೋನ್, ಒಬ್ಬೊಬ್ಬರಿಗೆ ಒಂದೊಂದು ಕಿವಿ.

ಖೂಬಾ ಪ್ಲಾಟ್ ಕೇಳುಗ · ನವೆಂಬರ್ 14, ರಾತ್ರಿ 11:41

ಲೆಕ್ಕ ಹಾಕಿದೆ. ಬೀದರ್ ಇಬ್ಬರು, ಹಾಸ್ಟೆಲ್ ಇಬ್ಬರು, ಯಾದಗಿರಿ ಕಾಕಾ ಮತ್ತು ಮಗಳು, ತಂತಿ, ವಾಡಿ, ನಾನು. ಒಂಬತ್ತು ಜನ. ತಹರಿ ಒಂಬತ್ತಕ್ಕೆ ಹೇಳುತ್ತೇನೆ, ಮಾಂಸ ತಿನ್ನದವರು ಈಗಲೇ ಬರೆಯಿರಿ, ಅವರಿಗೆ ಸುಸಲಾ ಮನೆಯಲ್ಲೇ ಮಾಡಿಸುತ್ತೇನೆ. ನಾನಿನ್ನು ಫೋನ್ ಬೇರೆ ಏನಕ್ಕೂ ಮುಟ್ಟುವುದಿಲ್ಲ. ಮಾಳಿಗೆ ಮೇಲೆ ಬಂದು ಕೂತಿದ್ದೇನೆ, ಹುಣ್ಣಿಮೆ ಬೆಳಕು ಚೆನ್ನಾಗಿದೆ.